ಪೆಟ್ರೋಲಿನಿಂದ ವಿದ್ಯುತ್ತಿಗೆ: ಕುಂದಾಪುರ ಸೀಮೆಯ ಸವಾರರ ಸಂದೇಹಗಳು

ಹೊಸ ವಾಹನವೊಂದು ಬಂದಾಗ ಅದನ್ನು ಹೊಗಳುವವರಿಗೂ ಹಳಿಯುವವರಿಗೂ ಕೊರತೆಯಿರುವುದಿಲ್ಲ. ಸಾವಧಾನವಾಗಿ ಲೆಕ್ಕ ಹಾಕಿ ನೋಡುವವರು ಮಾತ್ರ ವಿರಳ. ವಿದ್ಯುಚ್ಛಕ್ತಿಯಿಂದ ನಡೆಯುವ ಮೋಟಾರು ಸೈಕಲುಗಳ ವಿಷಯದಲ್ಲಿಯೂ ಈಗ ಹಾಗೆಯೇ ಆಗಿದೆ. ಪೆಟ್ರೋಲನ್ನು ಬಿಟ್ಟು ವಿದ್ಯುತ್ತಿಗೆ ಬನ್ನಿರೆಂದು ಸರಕಾರದವರು ಬೋಧಿಸುತ್ತಿದ್ದಾರೆ. ಕಂಪೆನಿಗಳವರು ಜಾಹೀರಾತುಗಳ ಮಳೆಯನ್ನೇ ಸುರಿಸುತ್ತಿದ್ದಾರೆ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸಾಮಾನ್ಯ ಸವಾರನು ತನ್ನ ಹಳೆಯ ಬೈಕಿನ ಕೀಲಿಕೈಯನ್ನು ಸುಲಭವಾಗಿ ಕೆಳಗಿಡಲೊಲ್ಲನು. ಇವನನ್ನು ಹಿಂದುಳಿದವನೆಂದು ಜರೆಯುವುದು ಕೆಲವರ ರೂಢಿ. ಇವನ ಸಂದೇಹಗಳಲ್ಲಿ ಕೆಲವು ನಿರಾಧಾರವಾದವು, ಕೆಲವು ಅತ್ಯಂತ ಸಾಧಾರವಾದವು. ಎರಡನ್ನೂ ಬೇರ್ಪಡಿಸಿ ನೋಡದ ಹೊರತು ಈ ಕಾರ್ಯವು ಮುಂದುವರಿಯದು ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 2024-25ನೆಯ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಸುಮಾರು ಹನ್ನೊಂದೂವರೆ ಲಕ್ಷ ವಿದ್ಯುತ್ ದ್ವಿಚಕ್ರ ವಾಹನಗಳು ನೋಂದಣಿಯಾದುವು. ಇದು ಆ ವರ್ಷದ ಒಟ್ಟು ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ ಆರರಷ್ಟು. ಅವುಗಳಲ್ಲಿಯೂ ಬಹುಮಟ್ಟಿಗೆ ಎಲ್ಲವೂ ಸ್ಕೂಟರುಗಳು. ಮೋಟಾರು ಸೈಕಲೆಂದು ಕರೆಯತಕ್ಕ ವಾಹನಗಳು ಬಹಳ ಅಲ್ಪ. ಅಂದರೆ ಪೇಟೆಯೊಳಗೆ ಓಡಾಡುವ ಸ್ಕೂಟರಿನವನು ಬದಲಾವಣೆಗೆ ಒಪ್ಪತೊಡಗಿದ್ದಾನೆ; ದೂರ ಹೋಗುವ, ಹೊರೆ ಹೊರುವ, ಕಚ್ಚಾರಸ್ತೆಯಲ್ಲಿ ನಡೆಯುವ ಬೈಕಿನವನು ಇನ್ನೂ ಒಪ್ಪಿಲ್ಲ. ನಮ್ಮ ಸೀಮೆಯಲ್ಲಿ ಗಂಗೊಳ್ಳಿಯ ಬಂದರಿನಿಂದ ಮೀನಿನ ಬುಟ್ಟಿ ಕಟ್ಟಿಕೊಂಡು ಹೊರಡುವವನೂ, ಶಂಕರನಾರಾಯಣ, ಸಿದ್ದಾಪುರ, ಅಮಾಸೆಬೈಲುಗಳ ತೋಟದ ಗೃಹಸ್ಥನೂ, ಮನೆ ಮನೆಗೆ ಹೋಗಿ ಪಿಗ್ಮಿ ಹಣ ಸಂಗ್ರಹಿಸುವವನೂ ಈ ಎರಡನೆಯ ವರ್ಗಕ್ಕೆ ಸೇರಿದವರು.

ಮೋಟಾರು ಸೈಕಲಿನ ಮೇಲಣ ಅಭಿಮಾನವು ನಮ್ಮ ನಾಡಿನಲ್ಲಿ ಹೊಸತಲ್ಲ. 1961ರಿಂದ 1996ರ ವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ, ಯೆಜ್ಡಿಗಳನ್ನೂ, 1985ರಲ್ಲಿ ಬಂದ ಯಮಾಹಾ ಆರ್.ಎಕ್ಸ್. 100ನ್ನೂ ಇಂದಿಗೂ ಒರೆಸಿ ಕಾಪಾಡುವವರು ಊರೂರಲ್ಲಿದ್ದಾರೆ. ಇಂಜಿನಿನ ಸದ್ದು, ಗೇರು ಬದಲಿಸುವ ಕಾಲಿನ ಅಭ್ಯಾಸ, ಇವೆಲ್ಲ ಅವರಿಗೆ ವಾಹನದ ಅಂಗಗಳೇ ಆಗಿವೆ. ಅಹಮದಾಬಾದಿನ ಮ್ಯಾಟರ್ ಕಂಪೆನಿಯವರು ತಮ್ಮ ವಿದ್ಯುತ್ ಬೈಕಿಗೆ ನಾಲ್ಕು ಗೇರುಗಳನ್ನೇ ಅಳವಡಿಸಿದುದನ್ನು ನೋಡಿದರೆ, ಸವಾರರ ಈ ಅಭ್ಯಾಸದ ಬಲವನ್ನು ತಯಾರಕರೂ ಅರಿತಿದ್ದಾರೆಂದು ತಿಳಿಯುತ್ತದೆ. ಆದರೆ ಅಭ್ಯಾಸವೆಂಬುದು ಕಾರಣಗಳಲ್ಲಿ ಅತ್ಯಂತ ದುರ್ಬಲವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ರೇಷನಿಗೆ ಒಳಗಾದಾಗ, ದೇಶದಲ್ಲೆಲ್ಲ ಬಸ್ಸುಗಳ ಹಿಂಬದಿಗೆ ಇದ್ದಿಲ ಗ್ಯಾಸಿನ ಒಲೆಗಳನ್ನು ಕಟ್ಟಿ ಓಡಿಸಿದರು. ಹೊಗೆ, ತಡ, ಏರಿನಲ್ಲಿ ಇಳಿದು ತಳ್ಳುವ ಕಷ್ಟ, ಎಲ್ಲವನ್ನೂ ಜನರು ಸಹಿಸಿದರು. ಅಗತ್ಯ ಬಂದರೆ ಅಭ್ಯಾಸವು ದಾರಿ ಬಿಡುತ್ತದೆ. ಆದುದರಿಂದ ಅಭ್ಯಾಸದ ಮಾತನ್ನು ಇಲ್ಲಿಗೇ ಬಿಟ್ಟು ನಿಜವಾದ ಆಕ್ಷೇಪಣೆಗಳಿಗೆ ಬರೋಣ.

“ಅರ್ಧ ದಾರಿಯಗೆ ಕರೆಂಟ್ ಮುಗಿದ್ರೆ ಎಂತ ಮಾಡುದ್?” ಎಂಬುದು ಇಲ್ಲಿಯವರ ಮೊದಲನೆಯ ಪ್ರಶ್ನೆ. ಮೂರು ಯೂನಿಟ್ಟುಗಳ ಬ್ಯಾಟರಿಯುಳ್ಳ ಸಾಧಾರಣ ವಾಹನವು ಸಮತಲದಲ್ಲಿ ನೂರು ಕಿಲೋಮೀಟರಿನ ಆಸುಪಾಸು ಓಡಬಲ್ಲುದು. ಕುಂದಾಪುರದಿಂದ ಉಡುಪಿಗೆ ಹೋಗಿ ಬರಲು ಇಷ್ಟು ಸಾಲುತ್ತದೆ. ಕೊಲ್ಲೂರಿಗೆ ಹೋಗಿ ಬರಲೂ ಸಾಲಬಹುದು. ಆದರೆ ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನೇರಿ ಹೊಸನಗರದ ಕಡೆಗೆ ಹೊರಟವನಿಗೆ ಈ ಲೆಕ್ಕ ನಿಲ್ಲದು. ಇಬ್ಬರು ಕುಳಿತು ಏರುವಾಗ ಬ್ಯಾಟರಿಯು ವೇಗವಾಗಿ ಬರಿದಾಗುತ್ತದೆ. ಇಳಿಯುವಾಗ ಚಕ್ರದ ತಿರುಗುವಿಕೆಯಿಂದಲೇ ಸ್ವಲ್ಪ ವಿದ್ಯುತ್ತು ಬ್ಯಾಟರಿಗೆ ಮರಳುವುದುಂಟು. ಆದರೆ ಏರಿನಲ್ಲಿ ವೆಚ್ಚವಾದುದಷ್ಟೂ ಮರಳುವುದಿಲ್ಲ. ಪೆಟ್ರೋಲಾದರೆ ಹಳ್ಳಿಯ ಅಂಗಡಿಯಲ್ಲಿಯೂ ಬಾಟಲಿಯಲ್ಲಿ ದೊರೆತೀತು. ವಿದ್ಯುತ್ತನ್ನು ಬಾಟಲಿಯಲ್ಲಿ ತರುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಅಧಿಕಾರಿಗಳು ಗಮನಿಸಬೇಕು. ನಿತ್ಯದ ಪ್ರಯಾಣವು ಯಾರಿಗೂ ಭಯವನ್ನುಂಟುಮಾಡುತ್ತಿಲ್ಲ. ಭಯವಿರುವುದು ಅನಿರೀಕ್ಷಿತ ಪ್ರಯಾಣದ್ದು. ದೊಡ್ಡ ನಗರದ ಗೃಹಸ್ಥನಿಗೆ ಕಾರೊಂದು, ಸ್ಕೂಟರೊಂದು ಇರಬಹುದು. ಇಲ್ಲಿಯ ಬಡ ಸಂಸಾರಕ್ಕೆ ಬೈಕೊಂದೇ ವಾಹನ. ಸಂತೆಗೂ ಅದೇ, ಶಾಲೆಗೂ ಅದೇ, ನೆಂಟರ ಮನೆಗೂ ಅದೇ. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮಣಿಪಾಲದ ಆಸ್ಪತ್ರೆಗೆ ಧಾವಿಸುವುದೂ ಅದರಲ್ಲೇ. ಬೈಂದೂರಿನಿಂದ ಮಣಿಪಾಲಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಆ ಹೊತ್ತಿಗೆ ಬ್ಯಾಟರಿಯಲ್ಲಿ ಅರ್ಧವಷ್ಟೇ ಉಳಿದಿದ್ದರೆ ನಾಲ್ಕು ಗಂಟೆಗಳ ಕಾಲ ಪ್ಲಗ್ಗಿಗೆ ಸಿಕ್ಕಿಸಿ ಕಾಯಲಾಗುವುದೇ? ವರ್ಷದ ಮುನ್ನೂರ ಅರುವತ್ತು ದಿನಗಳಿಗೆ ಸಾಲುವ ವಾಹನವು ಉಳಿದ ಐದು ದಿನ ಕೈಕೊಟ್ಟೀತೆಂಬ ಈ ಶಂಕೆಯನ್ನು ಮೂಢತನವೆನ್ನಲು ನಮಗೆ ಮನಸ್ಸು ಬಾರದು.

ಎರಡನೆಯದು ಮಳೆಯ ಮಾತು. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಿದು. ನೀರಿನಲ್ಲಿ ವಿದ್ಯುತ್ ವಾಹನ ಕೆಟ್ಟೀತೆಂಬ ಭಯವು ಬಹುಪಾಲು ನಿರಾಧಾರವಾದುದು. ಒಳ್ಳೆಯ ಕಂಪೆನಿಗಳ ಬ್ಯಾಟರಿಪೆಟ್ಟಿಗೆಗಳು ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ತೇವ ಸೇರದಂತೆ ಪರೀಕ್ಷಿಸಲ್ಪಟ್ಟಿರುತ್ತವೆ. ಹೊಗೆಕೊಳವೆಯಲ್ಲಿ ನೀರು ನುಗ್ಗಿ ನಿಲ್ಲುವ ಪೆಟ್ರೋಲು ಬೈಕಿಗಿಂತ ಇವು ಕೀಳಲ್ಲ. ಆದರೆ ಮರವಂತೆ, ತ್ರಾಸಿಗಳ ಕಡಲಗಾಳಿಯ ಉಪ್ಪು ತಂತಿಯ ಜೋಡಣೆಗಳಿಗೆ ಹಿಡಿಸುವ ತುಕ್ಕು ಸುಳ್ಳಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಒಳನಾಡಿನ ಹಳ್ಳಿಗಳಲ್ಲಿ ದೀಪವಿಲ್ಲದ ರಾತ್ರಿಗಳೂ ಸುಳ್ಳಲ್ಲ. ವಾಹನವು ಮಳೆಯನ್ನು ತಾಳಿಕೊಂಡರೂ ಲೈನು ತಾಳಿಕೊಳ್ಳಬೇಕಷ್ಟೆ!

ಮೂರನೆಯದು ಬೆಂಕಿಯ ಭೀತಿ. 2022ರ ಮಾರ್ಚಿಯಿಂದ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹತ್ತಿ ಉರಿದುವು. ಅದರಿಂದ ಎಚ್ಚೆತ್ತ ಕೇಂದ್ರ ಸರಕಾರವು ಬ್ಯಾಟರಿಯ ಪರೀಕ್ಷಾನಿಯಮಗಳನ್ನು ಬಿಗಿಗೊಳಿಸಿ, 2022ರ ಡಿಸೆಂಬರಿನಿಂದಲೂ 2023ರ ಮಾರ್ಚಿ ಅಂತ್ಯದಿಂದಲೂ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಆದ್ದರಿಂದ ಹೊಸ ವಾಹನವನ್ನು ಹಳೆಯ ಸುದ್ದಿಯಿಂದ ಅಳೆಯುವುದು ನ್ಯಾಯವಲ್ಲ. ಆದರೆ ನಮ್ಮ ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದ ಪ್ಲಗ್ಗಿನಿಂದ ಜಗಲಿಗೆ ತಂತಿಯೆಳೆದು ರಾತ್ರಿಯಿಡೀ ಚಾರ್ಜು ಮಾಡುವ ಪದ್ಧತಿಯು ಯಾವ ನಿಯಮದಿಂದಲೂ ಸುರಕ್ಷಿತವಾಗದು. ವಾಹನ ಕೊಳ್ಳುವ ಮೊದಲು ಮನೆಯ ವಯರಿಂಗನ್ನು ಪರೀಕ್ಷಿಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ.

ನಾಲ್ಕನೆಯ ಆಕ್ಷೇಪಣೆಯನ್ನು ನಾವು ಎಲ್ಲಕ್ಕಿಂತ ಗುರುತರವೆಂದು ಎಣಿಸುತ್ತೇವೆ. ಅದು ದುರಸ್ತಿಯ ಪ್ರಶ್ನೆ. ಪೆಟ್ರೋಲು ಬೈಕು ಕೆಟ್ಟರೆ ಊರ ಗ್ಯಾರೇಜಿನ ಮೆಕ್ಯಾನಿಕನು ಅರ್ಧ ದಿನದಲ್ಲಿ ಸರಿಪಡಿಸಿಕೊಡುತ್ತಾನೆ; ಹಣ ನಾಳೆ ಕೊಟ್ಟರೂ ಆದೀತು. ವಿದ್ಯುತ್ ವಾಹನದ ಜೀವವಿರುವುದು ಬ್ಯಾಟರಿಯಲ್ಲಿಯೂ, ಅದನ್ನು ಆಳುವ ಗಣಕಯಂತ್ರದ ಲಿಪಿಯಲ್ಲಿಯೂ. ಅದರ ಕೀಲಿ ಕಂಪೆನಿಯ ಕೈಯಲ್ಲಿದೆ. ಕಂಪೆನಿಯ ಸರ್ವೀಸು ಕೇಂದ್ರವು ದೂರದಲ್ಲಿದ್ದು ಬಿಡಿಭಾಗ ಬಾರದಿದ್ದರೆ ವಾಹನವು ವಾರಗಟ್ಟಲೆ ನಿಂತಿರಬೇಕು. ಒಂದೇ ಕಂಪೆನಿಯ ಮೇಲೆ ಹತ್ತು ಸಾವಿರಕ್ಕೂ ಮಿಕ್ಕಿದ ದೂರುಗಳು ಬಂದುದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಅದಕ್ಕೆ ನೋಟೀಸು ಕೊಡಬೇಕಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮ ಕಲಬುರಗಿಯಲ್ಲಿ, ಸ್ಕೂಟರು ದುರಸ್ತಿಯಾಗದೆ ರೋಸಿಹೋದ ಗ್ರಾಹಕನೊಬ್ಬನು ಮಾರಾಟದ ಮಳಿಗೆಗೇ ಬೆಂಕಿಯಿಟ್ಟನು. ಆ ಕೃತ್ಯವು ಖಂಡನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಿಂದಿನ ಹತಾಶೆಯನ್ನು ಕಾಣದಿರುವುದೂ ವಿವೇಕವಲ್ಲ. ಅಲ್ಲದೆ ಊರೂರಿನ ಮೆಕ್ಯಾನಿಕರ ಜೀವನೋಪಾಯವೇನಾಗಬೇಕೆಂಬ ಪ್ರಶ್ನೆಯನ್ನು ಯಾವ ಜಾಹೀರಾತೂ ಎತ್ತುವುದಿಲ್ಲ.

ಇನ್ನು ಹಣದ ಲೆಕ್ಕ. ಕರ್ನಾಟಕದಲ್ಲಿ 2021ರ ಜೂನಿನಲ್ಲಿಯೇ ಪೆಟ್ರೋಲು ಲೀಟರಿಗೆ ನೂರು ರೂಪಾಯಿಗಳನ್ನು ದಾಟಿತು. ನೂರೆಂದೇ ಹಿಡಿಯೋಣ, ಲೀಟರಿಗೆ ಐವತ್ತು ಕಿಲೋಮೀಟರು ಓಡುವ ಬೈಕಿಗೆ ಕಿಲೋಮೀಟರಿಗೆ ಎರಡು ರೂಪಾಯಿ ಬಿತ್ತು. ವಿದ್ಯುತ್ ವಾಹನಕ್ಕೆ ನೂರು ಕಿಲೋಮೀಟರಿಗೆ ನಷ್ಟವೂ ಸೇರಿ ನಾಲ್ಕು ಯೂನಿಟ್ಟು, ಯೂನಿಟ್ಟಿಗೆ ಏಳು ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ ಕಿಲೋಮೀಟರಿಗೆ ಮೂವತ್ತು ಪೈಸೆಯೊಳಗೆ. ದಿನಕ್ಕೆ ಐವತ್ತು ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತೈದು ದಿನ ಓಡುವವನಿಗೆ ತಿಂಗಳಿಗೆ ಎರಡು ಸಾವಿರದ ನೂರ ಐವತ್ತು ರೂಪಾಯಿಗಳು ಉಳಿಯುತ್ತವೆ. ವಿದ್ಯುತ್ ವಾಹನದ ಬೆಲೆ ನಾಲ್ವತ್ತು ಸಾವಿರ ಹೆಚ್ಚೆಂದು ಎಣಿಸಿದರೂ ಅದು ಸುಮಾರು ಒಂದೂವರೆ ವರ್ಷದಲ್ಲಿ ತೀರುತ್ತದೆ. ಅದೇ ದಿನಕ್ಕೆ ಹತ್ತು ಕಿಲೋಮೀಟರು ಓಡುವವನಿಗಾದರೆ ತೀರಲು ಎಂಟು ವರ್ಷಗಳ ಹತ್ತಿರ ಬೇಕು; ಅಷ್ಟರಲ್ಲಿ ಬ್ಯಾಟರಿಯ ಜವಾಬ್ದಾರಿಯ ವಾಯಿದೆಯೂ ಮುಗಿದಿರುತ್ತದೆ. ಹೆಚ್ಚು ಓಡುವವನಿಗೆ ಹೆಚ್ಚು ಲಾಭ. ಆದರೆ ದಾರಿಯಲ್ಲಿ ನಿಂತೀತೆಂಬ ಭಯವೂ ಅವನಿಗೇ ಹೆಚ್ಚು. ಇಡೀ ಸಮಸ್ಯೆಯ ಗಂಟು ಇಲ್ಲಿಯೇ ಇದೆ. ಉಚಿತ ವಿದ್ಯುತ್ತನ್ನು ನೆಚ್ಚಿದವರೂ ಒಂದು ಮಾತನ್ನು ನೆನಪಿಡಬೇಕು. ಗೃಹಜ್ಯೋತಿಯ ಲೆಕ್ಕವು 2022-23ರ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಗೊತ್ತುಮಾಡಿದುದು. ಇನ್ನೂರು ಯೂನಿಟ್ಟು ಮೀರಿದರೆ ಬಿಲ್ಲು ಪೂರ್ತಿಯಾಗಿ ಮೈಮೇಲೆ ಬೀಳುತ್ತದೆ.

ಸರಕಾರದ ಸಹಾಯಧನದ ಚರಿತ್ರೆಯೂ ಜನರಲ್ಲಿ ವಿಶ್ವಾಸವನ್ನು ಬೆಳೆಸುವಂತಹುದಲ್ಲ. 2021ರ ಜೂನಿನಲ್ಲಿ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 15,000 ರೂಪಾಯಿಗಳಷ್ಟಿದ್ದ ಸಹಾಯವು 2023ರ ಜೂನಿನಲ್ಲಿ 10,000ಕ್ಕೂ, 2024ರಲ್ಲಿ 5,000ಕ್ಕೂ, 2025ರ ಏಪ್ರಿಲಿನಿಂದ 2,500ಕ್ಕೂ ಇಳಿಯಿತು. ನಾಲ್ಕೇ ವರ್ಷಗಳಲ್ಲಿ ಆರನೆಯ ಒಂದು ಪಾಲಿಗೆ! ಎಳೆಯ ಉದ್ಯಮಕ್ಕೆ ಊರುಗೋಲನ್ನು ಸದಾಕಾಲ ಕೊಡಲಾಗದೆಂಬುದು ನಿಜ. ಆದರೆ ಇಳಿಸುವ ಕ್ರಮವನ್ನು ಮುಂಗಡವಾಗಿ ಸಾರಿ, ಅದರಂತೆಯೇ ನಡೆದಿದ್ದರೆ ಜನರ ನಂಬಿಕೆ ಉಳಿಯುತ್ತಿತ್ತು.

ದೇಶದ ಹಿತದ ದೃಷ್ಟಿಯಿಂದಲೂ ಈ ವಿಷಯವನ್ನು ವಿಚಾರಿಸದೆ ಬಿಡುವಂತಿಲ್ಲ. ನಾವು ಉಪಯೋಗಿಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿದ ಭಾಗವು ಪರದೇಶದ್ದು. ವಿದ್ಯುತ್ತಾದರೋ ನಮ್ಮ ನೆಲದಲ್ಲಿಯೇ ಹುಟ್ಟುತ್ತದೆ. ಕುಂದಾಪುರದವರಿಗೆ ಇದಕ್ಕೆ ದೂರದ ನಿದರ್ಶನ ಬೇಕಿಲ್ಲ: ಹೊಸಂಗಡಿಯ ಭೂಗರ್ಭದಲ್ಲಿ 1989ರಲ್ಲಿ ಆರಂಭವಾದ ವಾರಾಹಿ ವಿದ್ಯುದಾಗಾರವು ಇಂದು ನಾಲ್ಕು ಯಂತ್ರಗಳಿಂದ 460 ಮೆಗಾವ್ಯಾಟ್ ಶಕ್ತಿಯನ್ನು ಉತ್ಪಾದಿಸಬಲ್ಲುದು. ಆದರೆ ಇದೇ ಜಿಲ್ಲೆಯ ಎಲ್ಲೂರಿನಲ್ಲಿರುವ 1,200 ಮೆಗಾವ್ಯಾಟಿನ ಸ್ಥಾವರವು ಹಡಗಿನಲ್ಲಿ ಬಂದ ಪರದೇಶದ ಕಲ್ಲಿದ್ದಲನ್ನು ಸುಡುವುದಕ್ಕಾಗಿ ಕಟ್ಟಿದುದೆಂಬುದನ್ನೂ ಮರೆಯಲಾಗದು. ಬ್ಯಾಟರಿಯ ಕೋಶಗಳಲ್ಲಿ ಹೆಚ್ಚಿನವು ಚೀನಾ ಮೊದಲಾದ ದೇಶಗಳಿಂದ ಬರುತ್ತವೆ. 2025ರ ಏಪ್ರಿಲಿನಲ್ಲಿ ಚೀನಾ ಸರಕಾರವು ಮೋಟಾರಿಗೆ ಬೇಕಾದ ವಿರಳಲೋಹದ ಅಯಸ್ಕಾಂತಗಳ ರಫ್ತನ್ನು ನಿರ್ಬಂಧಿಸಿದಾಗ ನಮ್ಮ ಕಾರ್ಖಾನೆಗಳು ತತ್ತರಿಸಿದುವು. ಮಂಡ್ಯ ಜಿಲ್ಲೆಯ ಮರ್ಲಗಲ್ಲ, ಅಲ್ಲಾಪಟ್ಟಣಗಳಲ್ಲಿ 1,600 ಟನ್ನು ಲಿಥಿಯಂ ಇರಬಹುದೆಂದು 2021ರಲ್ಲಿ ಪ್ರಕಟವಾಯಿತು; ಭೂಮಿಯಲ್ಲಿರುವುದು ಬೇರೆ, ಬ್ಯಾಟರಿಯಲ್ಲಿರುವುದು ಬೇರೆ. ಎಣ್ಣೆಯ ದಾಸ್ಯವನ್ನು ಕಳಚಿ ಬ್ಯಾಟರಿಯ ದಾಸ್ಯವನ್ನು ತೊಟ್ಟುಕೊಂಡರೆ ಅದನ್ನು ಸ್ವಾವಲಂಬನವೆನ್ನಲಾದೀತೇ? ಆದರೂ ಒಂದು ಅಂತರವುಂಟು. ಎಣ್ಣೆಯನ್ನು ದಿನದಿನವೂ ಕೊಳ್ಳಬೇಕು. ಬ್ಯಾಟರಿಯನ್ನು ಹಲವು ವರ್ಷಗಳಿಗೊಮ್ಮೆ ಕೊಂಡರಾಯಿತು, ಅದನ್ನು ತಯಾರಿಸುವ ವಿದ್ಯೆಯನ್ನೂ ಕಲಿಯಬಹುದು. 2013ರಲ್ಲಿ ಸ್ಥಾಪಿತವಾದ ಏಥರ್ ಕಂಪೆನಿಯು 2018ರಲ್ಲಿ ಬೆಂಗಳೂರಿನಲ್ಲಿ ತನ್ನ ಸ್ಕೂಟರನ್ನು ಬೀದಿಗಿಳಿಸಿತು. ನಮ್ಮ ತರುಣರ ಸಾಮರ್ಥ್ಯಕ್ಕೆ ಇದು ಸಾಕಷ್ಟು ಸಾಕ್ಷಿ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ದಾರಿಯ ಭಯವು ಬೋಧನೆಯಿಂದ ಹೋಗದು, ಪ್ಲಗ್ಗಿನಿಂದ ಹೋದೀತು. ಕೊಲ್ಲೂರು, ಆನೆಗುಡ್ಡೆ, ಕೋಟೇಶ್ವರದ ದೇವಸ್ಥಾನಗಳ ವಠಾರ, ಬಸ್‌ಸ್ಟ್ಯಾಂಡುಗಳು, ಘಾಟಿಯ ಬುಡದ ಹೊಸಂಗಡಿ, ಸಹಕಾರಿ ಸಂಘಗಳ ಕಟ್ಟಡಗಳು, ಇಲ್ಲೆಲ್ಲ ಮೆಸ್ಕಾಮಿನವರೂ ಸ್ಥಳೀಯ ಸಂಸ್ಥೆಗಳೂ ಕೂಡಿ ಮೀಟರುಳ್ಳ ಪ್ಲಗ್ಗುಗಳನ್ನು ಒದಗಿಸಲಿ. ಎರಡನೆಯದಾಗಿ, 2023ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಹಗುರ ವಾಹನಗಳ ಚಾರ್ಜಿಂಗಿಗೆ ಅಂಗೀಕರಿಸಿದ ಏಕರೂಪದ ಜೋಡಣೆಯನ್ನು ಎಲ್ಲ ಕಂಪೆನಿಗಳೂ ಅನುಸರಿಸುವಂತೆ ಕಟ್ಟಳೆಯಾಗಲಿ. ಒಬ್ಬೊಬ್ಬರ ವಾಹನಕ್ಕೆ ಒಂದೊಂದು ಪ್ಲಗ್ಗೆಂದರೆ ಹಳ್ಳಿಯಲ್ಲಿ ನಡೆಯದು. ಮೂರನೆಯದಾಗಿ, ಬಿಡಿಭಾಗಗಳನ್ನೂ ದುರಸ್ತಿಯ ತಿಳಿವಳಿಕೆಯನ್ನೂ ಊರ ಮೆಕ್ಯಾನಿಕರಿಗೆ ತೆರೆದಿಡುವಂತೆ ಕಂಪೆನಿಗಳನ್ನು ಕಾನೂನಿನಿಂದ ಬದ್ಧಗೊಳಿಸಲಿ. ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಅವರಿಗಾಗಿ ಸಂಜೆಯ ತರಗತಿಗಳು ನಡೆಯಲಿ.

ಕೊನೆಯದಾಗಿ ನಮ್ಮ ಬ್ಯಾಂಕುಗಳಿಗೂ ಸಹಕಾರಿಗಳಿಗೂ ಒಂದು ಮಾತು. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಕೂಡಿಸುವ ಪಿಗ್ಮಿ ಪದ್ಧತಿಯು 1928ರಲ್ಲಿ ಹುಟ್ಟಿದುದು ನಮ್ಮ ಉಡುಪಿಯಲ್ಲಿಯೇ. ಒಟ್ಟಿಗೆ ಹಣ ತೆರಲಾರದವನು ದಿನದಿನವೂ ಸ್ವಲ್ಪ ತೆತ್ತಾನೆಂಬ ಸತ್ಯವನ್ನು ಆ ಪದ್ಧತಿಯು ಜಗತ್ತಿಗೆ ತೋರಿಸಿತು. ವಿದ್ಯುತ್ ಬೈಕಿನ ತೊಡಕೂ ಅದೇ ಬಗೆಯದು: ಮೊದಲು ಹೆಚ್ಚು ವೆಚ್ಚ, ಬಳಿಕ ನಿತ್ಯ ಉಳಿತಾಯ. ನಿತ್ಯವೂ ಪೆಟ್ರೋಲು ಬಂಕಿಗೆ ಹೋಗುವ ಹಣವನ್ನೇ ದಿನಗಂತಾಗಿ ಸ್ವೀಕರಿಸಿ ಸಾಲ ತೀರಿಸಿಕೊಳ್ಳುವ ಏರ್ಪಾಡನ್ನು ಮಾಡಿದರೆ, ಮೀನಿನವನೂ ಏಜಂಟನೂ ಭಾರವಿಲ್ಲದೆ ಬದಲಾಗಬಲ್ಲರು.

ಸವಾರ ಬಂಧುಗಳಿಗೂ ನಾವು ಹೇಳುವುದಿಷ್ಟೆ. ಜಾಹೀರಾತನ್ನು ನಂಬಿ ಕೊಳ್ಳುವುದೂ ಬೇಡ, ಗಾಳಿಮಾತನ್ನು ನಂಬಿ ಹಿಂಜರಿಯುವುದೂ ಬೇಡ. ನಿಮ್ಮ ನಿತ್ಯದ ದಾರಿಯೆಷ್ಟು, ಮನೆಯಲ್ಲಿ ಮತ್ತೊಂದು ವಾಹನವುಂಟೇ, ಸರ್ವೀಸು ಕೇಂದ್ರವೆಷ್ಟು ದೂರ, ಬ್ಯಾಟರಿಗೆ ಕಂಪೆನಿಯ ಜವಾಬ್ದಾರಿಯೆಷ್ಟು ವರ್ಷ, ಈ ನಾಲ್ಕನ್ನು ಕಾಗದದ ಮೇಲೆ ಬರೆದು ನೋಡಿರಿ. ಲೆಕ್ಕವು ಹೌದೆಂದರೆ ಅಭ್ಯಾಸವನ್ನು ಅಡ್ಡ ತರಬೇಡಿರಿ; ಅಲ್ಲವೆಂದರೆ ನಾಚಿಕೊಳ್ಳದೆ ಇನ್ನೆರಡು ವರ್ಷ ಕಾಯಿರಿ. ಆದರೆ ಸರಕಾರವೂ ಕಂಪೆನಿಗಳೂ ಸವಾರನೇ ಮೊದಲು ಬದಲಾಗಲೆಂದು ಕಾದು ಕುಳಿತರೆ ಮಾತ್ರ ಈ ಕಾರ್ಯವು ಎಂದಿಗೂ ಕೈಗೂಡದು. ದಾರಿಯನ್ನು ಮೊದಲು ಸಿದ್ಧಪಡಿಸುವುದು ಆಳುವವರ ಕೆಲಸ. ಸಿದ್ಧವಾದ ದಾರಿಯಲ್ಲಿ ನಡೆಯಲು ನಮ್ಮ ಜನರು ಎಂದೂ ಹಿಂದೆಗೆದವರಲ್ಲ.