ಗಂಟಲಿನ ಸಿಟ್ಟು ಎದೆಯ ಮೇಲೆ

ಮಿರಜ್ ತಾಲ್ಲೂಕಿನ ಆರಗದಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ದೊಡ್ಡ ಕಾಯಿಲೆ ಎಂದರೆ ಮಾತ್ರ ಎರಡೂ ಭಾಷೆಯವರ ಬಾಯಲ್ಲಿ ಒಂದೇ ಊರು: ಮಿರಜ್. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಅಥಣಿ, ರಾಯಬಾಗದ ಕಡೆಯವರಿಗೂ ಅದೇ ಹಾದಿ.

ಈ ಸೀಮೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ರೋಗಿಯೆಂದರೆ ಚೊಚ್ಚಲ ಬಸುರಿ. ಆರನೇ ತಿಂಗಳಿಗೆ ಮೆಟ್ಟಿಲು ಹತ್ತಿದರೆ ದಮ್ಮು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ತುಸು ಆರಾಮ. ರಕ್ತ ಕಡಿಮೆಯಾಗಿರಬೇಕು ಎಂದುಕೊಂಡೇ ಮನೆಯವರು ಕರೆತರುತ್ತಾರೆ. ಎಕೋ ಮಾಡಿದಾಗ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಟ್ಟಿ, ಅಂಚು ಕೂಡಿಕೊಂಡು, ದಾರಿ ಕಿರಿದಾಗಿರುತ್ತದೆ. ಕೇಳುತ್ತಾ ಹೋದರೆ ಕೆಲವರಿಗೆ ಶಾಲೆಯ ದಿನಗಳ ಗಂಟಲು ನೋವು, ಆಮೇಲೆ ಮೊಣಕಾಲಿನಿಂದ ಮೊಣಕೈಗೆ ಹಾರುತ್ತಿದ್ದ ಕೀಲುಬಾವು ನೆನಪಾಗುತ್ತದೆ. ಅನೇಕರಿಗೆ ಅದೂ ಇಲ್ಲ.

ಇದು ಸಂಧಿವಾತ ಜ್ವರದ, ಅಂದರೆ ರುಮ್ಯಾಟಿಕ್ ಜ್ವರದ ಫಲ. ಇದಕ್ಕೆ ಕಾರಣವಾಗುವ ಸೂಕ್ಷ್ಮಾಣುವಿನ ಹೆಸರು ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಅದು ಗಂಟಲಲ್ಲೇ ಇರುತ್ತದೆ, ಹೃದಯಕ್ಕೆ ಇಳಿಯುವುದೇ ಇಲ್ಲ. ಆದರೆ ಅದರ ಮೈಮೇಲಿನ ಎಂ ಪ್ರೋಟೀನು ನಮ್ಮ ಹೃದಯದ ಮಯೋಸಿನ್ ಪ್ರೋಟೀನನ್ನು ಅಲ್ಲಲ್ಲಿ ಹೋಲುತ್ತದೆ. ಕಳ್ಳನ ಚಹರೆ ನೋಡಿಟ್ಟುಕೊಂಡ ಪೊಲೀಸರು ಅವನಂತೆಯೇ ಕಾಣುವ ಮನೆಯ ಮಗನನ್ನು ಬಡಿದ ಹಾಗೆ, ರೋಗನಿರೋಧಕ ವ್ಯವಸ್ಥೆ ಗಂಟಲು ವಾಸಿಯಾದ ಎರಡು–ಮೂರು ವಾರದ ಮೇಲೆ ಕವಾಟದ ಮೇಲೆ ಎರಗುತ್ತದೆ.

ಈ ವ್ಯವಸ್ಥೆಯ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕಣಗಳಲ್ಲಿ, ತನ್ನವರ ಮೇಲೆಯೇ ಏರಿ ಹೋಗುವಂಥವನ್ನು ಎದೆಗೂಡಿನ ಥೈಮಸ್ ಗ್ರಂಥಿ ಎಳವೆಯಲ್ಲೇ ಪರೀಕ್ಷಿಸಿ ಕೊಂದುಹಾಕುತ್ತದೆ. ಜರಡಿಯಲ್ಲಿ ಕೆಲವು ತಪ್ಪಿಸಿಕೊಳ್ಳುತ್ತವೆ. ಅವು ಸುಮ್ಮನೆ ಬಿದ್ದಿರುತ್ತವೆ, ಕೆಣಕುವವರು ಬರುವ ತನಕ. ಹೀಗೆ ಕೆಣಕಿಸಿಕೊಳ್ಳುವ ಮಕ್ಕಳು ಕೆಲವರೇ. ಅದರಲ್ಲಿ ಹುಟ್ಟುಗುಣದ ಪಾಲೂ ಇದೆ. ಆದರೆ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ, ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ ಸೋಂಕು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಕವಾಟಕ್ಕೆ ಹೊಸ ಏಟು.

ಆದ್ದರಿಂದ "ಮಗುವಿಗೆ ಶಕ್ತಿ ಸಾಲದು, ಟಾನಿಕ್ ಕೊಡಿ" ಎಂಬ ಮಾತು ಇಲ್ಲಿ ನಡೆಯದು. ಬೇಕಾದದ್ದು ಕೆಣಕುವವನನ್ನು ದೂರವಿಡುವುದು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಸಿಕ್ಕರೂ ಸಂಧಿವಾತ ಜ್ವರವನ್ನು ತಡೆಯಬಹುದು. ಈ ಸೂಕ್ಷ್ಮಾಣು ಇವತ್ತಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ, ನಮ್ಮ ಕಾಲಕ್ಕೆ ಅದು ಸಣ್ಣ ಭಾಗ್ಯವಲ್ಲ.

ಒಮ್ಮೆ ಆ ಜ್ವರ ಬಂದವರಿಗೆ 21 ದಿನಕ್ಕೊಂದು ಬೆಂಜಥೀನ್ ಪೆನಿಸಿಲಿನ್ ಸೂಜಿ. ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿದರೆ ಹಾಲಿನಂತೆ ಮಂದವಾಗುತ್ತದೆ. ತೆಳು ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ಕುಂಡಿಯ ಸ್ನಾಯುವಿಗಿಳಿದರೆ ಒಂದೆರಡು ದಿನ ನೋವು. ಕೀಲು ಸರಿಹೋಗಿ ಆಡುತ್ತಿರುವ ಹುಡುಗಿಗೆ ಇದೇಕೆ ಎಂದು ತಾಯಿಗೆ ಅನಿಸುವುದು ಸಹಜ. ಕೀಲುಬಾವು ಗುರುತುಳಿಸದೆ ಹೋಗುತ್ತದೆ, ಕವಾಟದ ಗಾಯ ಹೋಗುವುದಿಲ್ಲ. ಹಾನಿ ಉಳಿದವರು ನಲವತ್ತರ ವಯಸ್ಸಿನವರೆಗಾದರೂ ಸೂಜಿ ತಪ್ಪಿಸುವಂತಿಲ್ಲ. ಮದುವೆಯಾಗಿ ಊರು ಬದಲಿಸಿದ ಹುಡುಗಿಯ ಸೂಜಿಯ ಕಾರ್ಡೂ ಗಂಡನ ಮನೆಗೆ ಹೋಗಬೇಕು.