ಬಾನುಲಿಯ ಸಂಗೀತ ಮಾದರಿಗಳು ಮತ್ತು ಕೇಳುಗರ ವಯಸ್ಸು

ವಾಣಿಜ್ಯ ಬಾನುಲಿ ಕೇಂದ್ರವೊಂದು ತಾನು ಪ್ರಸಾರ ಮಾಡುವ ಸಂಗೀತದ ಬಗೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹಾಕಿಕೊಳ್ಳುವ ಚೌಕಟ್ಟಿಗೆ ಫಾರ್ಮ್ಯಾಟ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಸಂಗೀತ ಮಾದರಿ ಎಂದು ಕರೆಯಲಾಗಿದೆ. ಹೆಚ್ಚು ಜನ ಕೇಳುವ ಮಾದರಿ ಉಳಿಯುತ್ತದೆ, ಕೇಳುವವರಿಲ್ಲದ್ದು ಅಳಿಯುತ್ತದೆ ಎಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಬಾನುಲಿ ಇತಿಹಾಸದಲ್ಲಿ ಸಾಕಷ್ಟು ಕೇಳುಗರಿದ್ದ ಮಾದರಿಗಳೂ ಕಣ್ಮರೆಯಾಗಿವೆ. ಇದಕ್ಕೆ ಒಂದು ಮುಖ್ಯ ಕಾರಣ ಕೇಳುಗರ ವಯಸ್ಸು.

ಜಾಹೀರಾತಿನ ಲೆಕ್ಕಾಚಾರ

ಬಾನುಲಿಯನ್ನು ಕೇಳುವವರು ಅದಕ್ಕೆ ಹಣ ಕೊಡುವುದಿಲ್ಲ. ಹಣ ಕೊಡುವವರು ಜಾಹೀರಾತುದಾರರು. ಆದುದರಿಂದ ಕೇಂದ್ರದ ನಿಜವಾದ ಗಿರಾಕಿ ಜಾಹೀರಾತುದಾರನೇ. ಅಮೆರಿಕದ ಜಾಹೀರಾತು ಸಂಸ್ಥೆಗಳು ದೀರ್ಘಕಾಲದಿಂದ 25ರಿಂದ 54 ವರ್ಷದೊಳಗಿನ ಕೇಳುಗರನ್ನು ಅಳತೆಗೋಲಾಗಿ ಇಟ್ಟುಕೊಂಡಿವೆ. ಕೆಲವು ಸರಕುಗಳಿಗೆ ಈ ಮಿತಿ 18ರಿಂದ 34 ಅಥವಾ 18ರಿಂದ 49 ಆಗಿರುತ್ತದೆ. 55 ದಾಟಿದ ಕೇಳುಗನು ಸಮೀಕ್ಷೆಯ ಒಟ್ಟು ಎಣಿಕೆಯಲ್ಲಿ ಇರುತ್ತಾನೆ, ಆದರೆ ದರ ನಿಗದಿಯಾಗುವ ಎಣಿಕೆಯಲ್ಲಿ ಇರುವುದಿಲ್ಲ.

ಈ ಪದ್ಧತಿಯ ಹಿಂದೆ ಎರಡು ನಂಬಿಕೆಗಳಿವೆ. ವಯಸ್ಸಾದವರು ತಾವು ಬಳಸುವ ಸೋಪು, ಕಾರು, ಬ್ಯಾಂಕುಗಳನ್ನು ಆಗಲೇ ಆರಿಸಿಕೊಂಡಿರುತ್ತಾರೆ, ಅವರ ಮನಸ್ಸನ್ನು ಬದಲಿಸುವುದು ಕಷ್ಟ ಎಂಬುದು ಒಂದು. ಅವರು ದೂರದರ್ಶನವನ್ನು ಹೆಚ್ಚು ನೋಡುವುದರಿಂದ ಅಲ್ಲಿಯೇ ಸುಲಭವಾಗಿ ಸಿಗುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಪೂರ್ವಗ್ರಹಕ್ಕೆ ಹತ್ತಿರವಾದುದು. ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ ಮುಗಿದ ಮೇಲೆ ಕೈಯಲ್ಲಿ ಹಣ ಉಳಿಯುವುದು ಆ ವಯಸ್ಸಿನಲ್ಲಿಯೇ. ಆದರೂ ಪದ್ಧತಿ ಬೇರೂರಿಬಿಟ್ಟಿದೆ.

ಇದರೊಡನೆ ಇನ್ನೊಂದು ಸಂಗತಿಯೂ ಸೇರುತ್ತದೆ. ಹದಿಹರೆಯದಿಂದ ಇಪ್ಪತ್ತರ ಆರಂಭದವರೆಗೆ ಕೇಳಿದ ಹಾಡುಗಳು ಮನಸ್ಸಿನಲ್ಲಿ ಆಳವಾಗಿ ಉಳಿಯುತ್ತವೆ. ಹೀಗಾಗಿ ಒಂದು ಕಾಲದ ಹಾಡುಗಳಿಗೆ ಒಂದು ತಲೆಮಾರು ಅಂಟಿಕೊಂಡಿರುತ್ತದೆ. ಆ ತಲೆಮಾರಿಗೆ ವಯಸ್ಸಾದಂತೆ ಹಾಡಿಗೂ ವಯಸ್ಸಾಗುತ್ತದೆ.

ಓಲ್ಡೀಸ್ ಮಾದರಿಯ ಏಳುಬೀಳು

ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್-ಎಫ್‌ಎಂ ಕೇಂದ್ರ 1972ರಲ್ಲಿ ಓಲ್ಡೀಸ್, ಅಂದರೆ ಹಿಂದಿನ ವರ್ಷಗಳ ಜನಪ್ರಿಯ ಹಾಡುಗಳ ಮಾದರಿಯನ್ನು ಕೈಗೊಂಡಿತು. ಆಗ 1950ರ ದಶಕದ ರಾಕ್ ಅಂಡ್ ರೋಲ್ ಕೇಳಿ ಬೆಳೆದವರು ಮೂವತ್ತರ ಆಸುಪಾಸಿನಲ್ಲಿದ್ದರು. ಜಾಹೀರಾತುದಾರರಿಗೆ ಬೇಕಾದ ವಯಸ್ಸೇ ಅದು.

ಕಾಲ ಸರಿದಂತೆ ಲೆಕ್ಕ ತಿರುಗಿತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ದೂರದರ್ಶನದಲ್ಲಿ ಮೊದಲ ಬಾರಿಗೆ ಹಾಡಿದಾಗ ಹದಿನೈದು ವರ್ಷದವನಾಗಿದ್ದ ಹುಡುಗ 2004ರಲ್ಲಿ 55ಕ್ಕೆ ಕಾಲಿಟ್ಟ. ಅದರ ಮರುವರ್ಷವೇ, 2005ರ ಜೂನ್ 3ರಂದು, ಕೇಂದ್ರವು ಮುನ್ಸೂಚನೆಯಿಲ್ಲದೆ ಹಳೆಯ ಹಾಡುಗಳನ್ನು ನಿಲ್ಲಿಸಿ ಜ್ಯಾಕ್ ಎಫ್‌ಎಂ ಎಂಬ ಮಾದರಿಗೆ ಬದಲಾಯಿತು. ಹಲವು ಕಾಲಗಳ, ಹಲವು ಬಗೆಗಳ ಹಾಡುಗಳನ್ನು ಬೆರೆಸಿ, ನಿರೂಪಕರಿಲ್ಲದೆ ಪ್ರಸಾರ ಮಾಡುವ ಪದ್ಧತಿ ಅದು. ಕೆನಡಾದಲ್ಲಿ ಯಶಸ್ಸು ಕಂಡು ಬಂದಿತ್ತು. ಅದೇ ದಿನ ಶಿಕಾಗೋದ ಓಲ್ಡೀಸ್ ಕೇಂದ್ರ ಡಬ್ಲ್ಯೂಜೆಎಂಕೆಯೂ ಇದೇ ದಾರಿ ಹಿಡಿಯಿತು. ನ್ಯೂಯಾರ್ಕಿನ ಕೇಳುಗರು ಹಾಡುಗಳ ಜೊತೆಗೆ ಹಲವು ವರ್ಷಗಳಿಂದ ಪರಿಚಿತವಾಗಿದ್ದ ಧ್ವನಿಗಳನ್ನೂ ಒಂದೇ ಸಂಜೆಯಲ್ಲಿ ಕಳೆದುಕೊಂಡರು. ಅವರಲ್ಲೊಬ್ಬರಾದ ಪ್ರಸಿದ್ಧ ನಿರೂಪಕ ಬ್ರೂಸ್ ಮಾರೋ, ಚಂದಾ ಕೊಟ್ಟು ಕೇಳುವ ಉಪಗ್ರಹ ಬಾನುಲಿಗೆ ಹೋದರು.

ಬದಲಾವಣೆ ಫಲಿಸಲಿಲ್ಲ. ಹಳೆಯ ಕೇಳುಗರು ಬಿಟ್ಟುಹೋದರು, ಅವರ ಸ್ಥಾನ ತುಂಬುವಷ್ಟು ಕಿರಿಯರು ಬರಲಿಲ್ಲ. 2007ರ ಜುಲೈ 12ರಂದು ಡಬ್ಲ್ಯೂಸಿಬಿಎಸ್-ಎಫ್‌ಎಂ ತನ್ನ ಹಳೆಯ ರೂಪಕ್ಕೆ ಮರಳಿತು. ಆದರೆ ಮರಳಿ ಬಂದದ್ದು ಹಳೆಯ ಪಟ್ಟಿಯಲ್ಲ: 1964ಕ್ಕಿಂತ ಹಿಂದಿನ ಹಾಡುಗಳು ವಿರಳವಾದವು, 1970 ಮತ್ತು 80ರ ದಶಕಗಳ ಹಾಡುಗಳು ಹೆಚ್ಚಾದವು. ಓಲ್ಡೀಸ್ ಎಂಬ ಪದವೇ ಮುಪ್ಪನ್ನು ಸೂಚಿಸುತ್ತದೆಂದು ಅದನ್ನು ಕೈಬಿಟ್ಟು ಕ್ಲಾಸಿಕ್ ಹಿಟ್ಸ್ ಎನ್ನುವ ರೂಢಿ ಉದ್ಯಮದಲ್ಲಿ ಬೆಳೆಯಿತು.

ಹೀಗೆ ಮಾದರಿ ಉಳಿಯಿತು, ಅದರೊಳಗಿನ ಹಾಡುಗಳು ಬದಲಾದವು. ಹೊಸ ದಶಕವೊಂದು ಪಟ್ಟಿಗೆ ಸೇರಿದಂತೆಲ್ಲ ಹಿಂದಿನ ದಶಕವೊಂದು ಹೊರಬೀಳುತ್ತದೆ. 1980ರಲ್ಲಿ ಹದಿನೈದರವರಾಗಿದ್ದವರು 2020ರಲ್ಲಿ 55 ಮುಟ್ಟಿದ್ದಾರೆ. 1990ರ ದಶಕದ ಹಾಡುಗಳು ಈ ಕೇಂದ್ರಗಳಲ್ಲಿ ಕೇಳಿಬರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮರೆಯಾದ ಇತರ ಮಾದರಿಗಳು

ಪಟ್ಟಿಯನ್ನು ಹೀಗೆ ಸರಿಸಲಾಗದ ಮಾದರಿಗಳ ಗತಿ ಬೇರೆಯಾಯಿತು. ವಾದ್ಯವೃಂದದ ಮೃದು ಸಂಗೀತವನ್ನು ಬಿತ್ತರಿಸುತ್ತಿದ್ದ ಬ್ಯೂಟಿಫುಲ್ ಮ್ಯೂಸಿಕ್ 1970ರ ದಶಕದಲ್ಲಿ ಎಫ್‌ಎಂ ತರಂಗಗಳಲ್ಲಿ ಬಹಳ ಜನಪ್ರಿಯವಾಗಿತ್ತು. ಅದರ ಕೇಳುಗರು ವೃದ್ಧರಾದರು, ಹೊಸಬರು ಸೇರಲಿಲ್ಲ. 1980ರ ದಶಕದಲ್ಲಿ ಅಂತಹ ಕೇಂದ್ರಗಳು ಒಂದೊಂದಾಗಿ ಗಾಯನಪ್ರಧಾನವಾದ ಮೃದುಗೀತೆಗಳಿಗೆ ತಿರುಗಿದವು. 1987ರಲ್ಲಿ ಲಾಸ್ ಏಂಜಲೀಸ್‌ನ ಕೆಟಿಡಬ್ಲ್ಯೂವಿ ಕೇಂದ್ರದಿಂದ ಹೆಸರಾದ ಸ್ಮೂತ್ ಜಾಝ್ ಕೂಡ ನ್ಯೂಯಾರ್ಕಿನಲ್ಲಿ 2008ರ ಫೆಬ್ರವರಿಯಲ್ಲಿ ತನ್ನ ಕೇಂದ್ರವನ್ನು ಕಳೆದುಕೊಂಡಿತು. ಕೇಳುಗರು ತಾವೇ ಬರೆದಿಡುತ್ತಿದ್ದ ದಿನಚರಿಯ ಬದಲು, ಕಿವಿಗೆ ಬಿದ್ದ ಪ್ರಸಾರವನ್ನು ತಾನೇ ದಾಖಲಿಸುವ ಕಿರು ಯಂತ್ರ ಆ ಕಾಲದಲ್ಲಿಯೇ ಬಳಕೆಗೆ ಬಂದದ್ದು ಅದಕ್ಕೆ ಇನ್ನೊಂದು ಪೆಟ್ಟಾಯಿತು.

ಶಾಸ್ತ್ರೀಯ ಸಂಗೀತ ಬದುಕಿಕೊಂಡದ್ದು ಮಾರುಕಟ್ಟೆಯಿಂದ ಹೊರಬಂದು. ನ್ಯೂಯಾರ್ಕ್ ಟೈಮ್ಸ್ ಸಂಸ್ಥೆಯ ಒಡೆತನದಲ್ಲಿದ್ದ ಡಬ್ಲ್ಯೂಕ್ಯೂಎಕ್ಸ್‌ಆರ್ 2009ರಲ್ಲಿ ಸಾರ್ವಜನಿಕ ಬಾನುಲಿಯ ಕೈಸೇರಿತು. ಈಗ ಅದನ್ನು ನಡೆಸುವುದು ಕೇಳುಗರ ದೇಣಿಗೆ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಲ್ಲಿ ಆರಂಭವಾದ ಬೂಮ್ ರೇಡಿಯೋ ಎರಡನೆಯ ಮಹಾಯುದ್ಧದ ಅನಂತರದ ತಲೆಮಾರನ್ನೇ ಗುರಿಯಾಗಿಸಿಕೊಂಡ ವಾಣಿಜ್ಯ ಕೇಂದ್ರ. ಡಿಜಿಟಲ್ ಪ್ರಸಾರದ ಕಡಿಮೆ ವೆಚ್ಚ ಮತ್ತು ಮನೆಯಿಂದಲೇ ಕಾರ್ಯಕ್ರಮ ನಡೆಸುವ ನಿರೂಪಕರು ಅದನ್ನು ಸಾಧ್ಯವಾಗಿಸಿದರು.

ಭಾರತದಲ್ಲಿ

ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ಪ್ರಸಾರ ಆರಂಭಿಸಿದ ರೇಡಿಯೋ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಅನಂತರ ಬಂದ ಖಾಸಗಿ ಕೇಂದ್ರಗಳಲ್ಲಿ ಹೆಚ್ಚಿನವು ಹೊಸ ಚಲನಚಿತ್ರಗೀತೆಗಳನ್ನೇ ನೆಚ್ಚಿಕೊಂಡವು. ಹಳೆಯ ಚಿತ್ರಗೀತೆಗಳ ಕೇಳುಗರಿಗೆ 1957ರಲ್ಲಿ ಆರಂಭವಾದ ಆಕಾಶವಾಣಿಯ ವಿವಿಧಭಾರತಿ, ಶಾಸ್ತ್ರೀಯ ಸಂಗೀತದ ಕೇಳುಗರಿಗೆ ಬೆಂಗಳೂರಿನ ಅಮೃತವರ್ಷಿಣಿ ಆಸರೆಯಾದವು. ಎರಡೂ ಸರ್ಕಾರಿ ಪ್ರಸಾರ ಸಂಸ್ಥೆಗೆ ಸೇರಿದವು ಎಂಬುದನ್ನು ಗಮನಿಸಬೇಕು.

2017ರಲ್ಲಿ ಸರೆಗಮ ಸಂಸ್ಥೆ ಹಳೆಯ ಬಾನುಲಿ ಪೆಟ್ಟಿಗೆಯ ಆಕಾರದಲ್ಲಿ, ಐದು ಸಾವಿರ ಹಿಂದಿ ಗೀತೆಗಳನ್ನು ಮೊದಲೇ ತುಂಬಿಸಿದ ಕಾರವಾನ್ ಎಂಬ ಸಾಧನವನ್ನು ಮಾರಾಟಕ್ಕೆ ತಂದಿತು. ಮುಂದೆ ಕನ್ನಡ ಗೀತೆಗಳ ಆವೃತ್ತಿಯೂ ಬಂದಿತು. ಅದರ ಬೆಲೆಯನ್ನು ಜಾಹೀರಾತುದಾರರ ಬದಲು ಹಿರಿಯರೇ, ಇಲ್ಲವೇ ಅವರ ಮಕ್ಕಳು, ನೇರವಾಗಿ ಕೊಡುತ್ತಾರೆ.