ಕ್ಯಾಮರಾದ ಕಣ್ಣಿಗೆ ತಂಪೇಕೆ ಬೇಕು?

ಕ್ಯಾಮರಾದ ಮಸೂರಕ್ಕೆ ಮುಚ್ಚಳ ಹಾಕಿ, ಅದಕ್ಕೆ ಕಪ್ಪು ಬಟ್ಟೆಯನ್ನೂ ಸುತ್ತಿ, ಕತ್ತಲೆಯ ಕೋಣೆಯಲ್ಲಿ ಅರ್ಧ ನಿಮಿಷದ ಅವಧಿಯ ಚಿತ್ರವೊಂದನ್ನು ತೆಗೆದರೆ ಏನು ಕಾಣಬೇಕು? ಶುದ್ಧ ಕಪ್ಪು ಎಂದು ಯಾರಾದರೂ ಹೇಳಿಯಾರು. ಆದರೆ ಆ ಚಿತ್ರವನ್ನು ಹಿಗ್ಗಿಸಿ, ಹೊಳಪೇರಿಸಿ ನೋಡಿದರೆ, ಮರಳು ಎರಚಿದಂತೆ ಸಣ್ಣ ಸಣ್ಣ ಚುಕ್ಕೆಗಳೂ, ಅವುಗಳ ನಡುವೆ ನಕ್ಷತ್ರಗಳಂತೆ ಮಿನುಗುವ ಕೆಲವು ಬಿಂದುಗಳೂ ತೋರುತ್ತವೆ. ಬೆಳಕೇ ಹೊಗದ ಪೆಟ್ಟಿಗೆಯೊಳಕ್ಕೆ ಇವು ಬಂದುದಾದರೂ ಹೇಗೆ? ಸೆಕೆಯ ದಿನ ಈ ಚುಕ್ಕೆಗಳು ಹೆಚ್ಚು, ಚಳಿಯ ರಾತ್ರಿ ಕಡಮೆ. ಈ ಸುಳಿವೊಂದರಿಂದಲೇ ಕಾರಣವನ್ನು ಊಹಿಸಬಹುದು: ಇದು ಶಾಖದ ಕೆಲಸ.

ಇಂದಿನ ಕ್ಯಾಮರಾಗಳಲ್ಲಿ ಫಿಲ್ಮಿನ ಸ್ಥಾನವನ್ನು ಸಿಲಿಕಾನ್ ಎಂಬ ಅರೆವಾಹಕದ ತೆಳುವಾದ ಬಿಲ್ಲೆಯೊಂದು ಪಡೆದಿದೆ. ಇದೇ ಸಂವೇದಕ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬುವರು ರೂಪಿಸಿದ ಸಿ.ಸಿ.ಡಿ. ಎಂಬ ಸಾಧನ ಇದಕ್ಕೆ ದಾರಿ ತೆರೆಯಿತು. 2009ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತುದು ಈ ಸಾಧನೆಗಾಗಿಯೇ. ಸಂವೇದಕದ ಮೈಯೆಲ್ಲ ಲಕ್ಷಾಂತರ ಕೋಶಗಳಾಗಿ ವಿಭಾಗಗೊಂಡಿದೆ. ಬೆಳಕಿನ ಕಣವಾದ ಫೋಟಾನು ಕೋಶವೊಂದನ್ನು ಹೊಕ್ಕಾಗ, ಸಿಲಿಕಾನ್ ಪರಮಾಣುಗಳ ಬಂಧನದಲ್ಲಿದ್ದ ಎಲೆಕ್ಟ್ರಾನೊಂದು ಬಿಡುಗಡೆ ಹೊಂದಿ ಅಲ್ಲಿಯೇ ಶೇಖರವಾಗುತ್ತದೆ. ಯಾವ ಕೋಶದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೆಂದು ಕೊನೆಯಲ್ಲಿ ಅಳೆದರೆ ಅದೇ ಚಿತ್ರವಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕೋಣೆಯ ಉಷ್ಣತೆಯಲ್ಲಿ ಪರಮಾಣುಗಳ ಕಂಪನದ ಶಕ್ತಿ ಸಾಮಾನ್ಯವಾಗಿ ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತನೆಯ ಒಂದು ಭಾಗದ ಮಟ್ಟದಲ್ಲಿರುತ್ತದೆ. ಆದರೆ ಈ ಶಕ್ತಿ ಎಲ್ಲ ಕಡೆಗೂ ಸಮನಾಗಿ ಹಂಚಿರುವುದಿಲ್ಲ. ಅಪರೂಪಕ್ಕೊಮ್ಮೆ ಯಾವುದೋ ಎಲೆಕ್ಟ್ರಾನಿಗೆ ಹೆಚ್ಚಿನ ಪಾಲು ದೊರೆಯುತ್ತದೆ. ಸ್ಫಟಿಕದಲ್ಲಿ ಕಲ್ಮಷವೋ ದೋಷವೋ ಇದ್ದರಂತೂ ಕೆಲಸ ಇನ್ನೂ ಸುಲಭ. ಗೋಡೆಯನ್ನು ಒಂದೇ ನೆಗೆತಕ್ಕೆ ಹಾರಲಾರದವನು ನಡುವೆ ಮೆಟ್ಟಿಲು ಸಿಕ್ಕರೆ ದಾಟುವಂತೆ, ಎಲೆಕ್ಟ್ರಾನು ಎರಡು ಹೆಜ್ಜೆಗಳಲ್ಲಿ ಹೊರಬೀಳುತ್ತದೆ. ಇಂತಹ ದೋಷಗಳು ಹೆಚ್ಚಾಗಿರುವ ಕೋಶಗಳೇ ನಕ್ಷತ್ರಗಳಂತೆ ಮಿನುಗಿ ನಮ್ಮನ್ನು ವಂಚಿಸುವುವು. ಬೆಳಕು ಬಿಡಿಸಿದ ಎಲೆಕ್ಟ್ರಾನಿಗೂ ಶಾಖ ಬಿಡಿಸಿದ ಎಲೆಕ್ಟ್ರಾನಿಗೂ ಯಾವ ಗುರುತಿನ ವ್ಯತ್ಯಾಸವೂ ಇಲ್ಲ.

ಮಳೆಯನ್ನು ಅಳೆಯಲು ಹೊಲದಲ್ಲಿ ಸಾಲಾಗಿ ಕುಣಿಗಳನ್ನು ತೋಡಿದ್ದೇವೆಂದು ಭಾವಿಸೋಣ. ಮೇಲಿನಿಂದ ಮಳೆ ಬೀಳುತ್ತದೆ, ತಳದಿಂದ ಒರತೆ ಜಿನುಗುತ್ತದೆ. ಎರಡೂ ಬೆರೆತ ಮೇಲೆ ಮಳೆಯೆಷ್ಟು, ಒರತೆಯೆಷ್ಟು? ಮಳೆಯಿಲ್ಲದ ದಿನ ಒರತೆಯನ್ನು ಮಾತ್ರ ಅಳೆದು ಕಳೆದರಾಯಿತು ಎಂದು ಜಾಣ ವಿದ್ಯಾರ್ಥಿ ಹೇಳಬಹುದು. ಛಾಯಾಗ್ರಾಹಕರು ಮಾಡುವುದೂ ಇದನ್ನೇ. ಅಷ್ಟೇ ಅವಧಿಯ, ಅಷ್ಟೇ ಉಷ್ಣತೆಯ 'ಕತ್ತಲೆಯ ಚಿತ್ರ'ವೊಂದನ್ನು ತೆಗೆದು ನಿಜವಾದ ಚಿತ್ರದಿಂದ ಕಳೆಯುತ್ತಾರೆ. ಇದರಿಂದ ಬಹಳ ಪ್ರಯೋಜನವುಂಟು, ಆದರೆ ಪೂರ್ಣ ಪರಿಹಾರವಿಲ್ಲ. ಏಕೆಂದರೆ ಎಲೆಕ್ಟ್ರಾನುಗಳು ಗಡಿಯಾರದ ಪ್ರಕಾರ ಹೊರಡುವುದಿಲ್ಲ. ಸರಾಸರಿ 10,000 ಹೊರಡುವಲ್ಲಿ ಒಮ್ಮೆ 9,900, ಮತ್ತೊಮ್ಮೆ 10,100 ಆಗಬಹುದು. ಈ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ಚಿತ್ರದ 'ಗದ್ದಲ' ಎನ್ನುವುದು ಈ ಏರಿಳಿತವನ್ನೇ.

ಲೆಕ್ಕವೊಂದನ್ನು ಮಾಡಿ ನೋಡೋಣ. ಮಂಕಾದ ನಕ್ಷತ್ರವೊಂದು ಕೋಶದಲ್ಲಿ 100 ಎಲೆಕ್ಟ್ರಾನುಗಳನ್ನೂ, 25 ಡಿಗ್ರಿ ಸೆಂಟಿಗ್ರೇಡಿನ ಶಾಖವು 10,000 ಎಲೆಕ್ಟ್ರಾನುಗಳನ್ನೂ ಬಿಡಿಸಿವೆಯೆನ್ನೋಣ. ಶಾಖದ ಏರಿಳಿತವೇ 100. ನಕ್ಷತ್ರ ಅದರಲ್ಲಿ ಮುಳುಗಿಹೋಯಿತು. ಈಗ ಸಂವೇದಕವನ್ನು ತಂಪುಗೊಳಿಸೋಣ. ಸುಮಾರು 7 ಡಿಗ್ರಿ ಇಳಿದಂತೆಲ್ಲ ಶಾಖದ ಎಲೆಕ್ಟ್ರಾನುಗಳು ಅರ್ಧವಾಗುತ್ತವೆ. 70 ಡಿಗ್ರಿ ಇಳಿಸಿದರೆ ಹತ್ತು ಸಲ ಅರ್ಧವಾಗಿ, 10,000 ಇದ್ದುದು ಸುಮಾರು 10ಕ್ಕೆ ಇಳಿಯುತ್ತದೆ. ಅದರ ಏರಿಳಿತ ಕೇವಲ 3. ನಕ್ಷತ್ರದ ಬೆಳಕಿಗೇ 10ರಷ್ಟು ಏರಿಳಿತ ಸಹಜವಾಗಿರುವುದರಿಂದ, ಇನ್ನು ಮುಂದೆ ತಂಪು ಮಾಡಿ ಹೆಚ್ಚಿನ ಲಾಭವಿಲ್ಲ.

ತಂಪು ಮಾಡುವ ಬಗೆಯೇನು? 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಕಂಡುಹಿಡಿದ ಪರಿಣಾಮ ಇಲ್ಲಿ ನೆರವಾಗುತ್ತದೆ. ಎರಡು ಬಗೆಯ ವಾಹಕಗಳನ್ನು ಜೋಡಿಸಿ ವಿದ್ಯುತ್ತನ್ನು ಹರಿಸಿದರೆ ಒಂದು ಸಂಧಿ ತಂಪಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ತಂಪಾದ ಕಡೆಗೆ ಸಂವೇದಕವನ್ನು ತಗುಲಿಸಿ, ಬಿಸಿಯಾದ ಕಡೆಯಿಂದ ಶಾಖವನ್ನು ಹೊರಹಾಕಬೇಕು. ಶಾಖ ಹೊರಗೆ ಹೋಗದಿದ್ದರೆ ಶ್ರಮವೆಲ್ಲ ವ್ಯರ್ಥ. ಗಾಳಿಯ ತೇವವು ತಂಪಾದ ಮೈಮೇಲೆ ಹಿಮವಾಗಿ ಕೂಡದಂತೆ ಸಂವೇದಕವನ್ನು ನಿರ್ವಾತದಲ್ಲಿಯೋ ಒಣ ಅನಿಲದಲ್ಲಿಯೋ ಇಡಬೇಕಾಗುತ್ತದೆ. ಕ್ಯಾಮರಾವನ್ನು ರೆಫ್ರಿಜಿರೇಟರಿನಲ್ಲಿಟ್ಟು ತೆಗೆಯುವ ಸಾಹಸ ಮಾತ್ರ ಬೇಡ. ಹೊರಗೆ ಬಂದೊಡನೆ ಅದು ಬೆವತು ಕೆಟ್ಟೀತು.

2009ರಲ್ಲಿ ಹಬಲ್ ದೂರದರ್ಶಕದಲ್ಲಿ ಅಳವಡಿಸಿದ ಕ್ಯಾಮರಾವೊಂದರ ಸಿಲಿಕಾನ್ ಸಂವೇದಕಗಳು ಸೊನ್ನೆಗಿಂತ 83 ಡಿಗ್ರಿ ಕೆಳಗೆ ಕೆಲಸ ಮಾಡುವಂತೆ ರಚಿತವಾಗಿವೆ. ಆದರೆ ಅಂತರಿಕ್ಷದ ವಿಕಿರಣದ ಕಣಗಳು ಸ್ಫಟಿಕಕ್ಕೆ ಬಡಿದು ದಿನದಿನವೂ ಹೊಸ ದೋಷಗಳನ್ನುಂಟುಮಾಡುತ್ತವೆ. ಇದಕ್ಕೆ ಮದ್ದು, ಸೋಜಿಗವೆನಿಸಬಹುದು, ಶಾಖವೇ! ಸುಮಾರು ತಿಂಗಳಿಗೊಮ್ಮೆ ಸಂವೇದಕವನ್ನು ಬೆಚ್ಚಗೆ ಮಾಡಿದರೆ, ಸ್ಥಾನ ತಪ್ಪಿದ ಪರಮಾಣುಗಳ ದೋಷಗಳಲ್ಲಿ ಹಲವು ತಾವಾಗಿಯೇ ಸರಿಹೋಗುತ್ತವೆ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕಕ್ಕೆ ಇನ್ನೂ ಹೆಚ್ಚಿನ ತಂಪು ಬೇಕು. ಅವಕೆಂಪು ಕಿರಣದ ಫೋಟಾನುಗಳಿಗೆ ಶಕ್ತಿ ಕಡಮೆ. ಅಷ್ಟು ಅಲ್ಪ ಶಕ್ತಿಗೆ ಓಗೊಡುವ ಸಂವೇದಕವು ಅಲ್ಪ ಶಾಖಕ್ಕೂ ಓಗೊಡುತ್ತದೆ. ಆದುದರಿಂದ ಅದರ ಉಪಕರಣಗಳಲ್ಲೊಂದನ್ನು ಹೀಲಿಯಮ್ ನೆರವಿನಿಂದ ಸೊನ್ನೆಗಿಂತ 266 ಡಿಗ್ರಿ ಕೆಳಗೆ ಇಡುತ್ತಾರೆ.

ನಮ್ಮ ಕೈಯ ಕ್ಯಾಮರಾಕ್ಕೂ ಇದೇ ನಿಯಮ. ಬಹಳ ಹೊತ್ತು ಎಡೆಬಿಡದೆ ದುಡಿದರೆ ಒಳಗಿನ ವಿದ್ಯುನ್ಮಂಡಲಗಳೇ ಅದನ್ನು ಕಾಯಿಸುತ್ತವೆ. ಬಿಸಿಲಿನಿಂದ ದೂರವಿಟ್ಟು, ಚಿತ್ರ ಚಿತ್ರಕ್ಕೂ ನಡುವೆ ಬಿಡುವು ಕೊಟ್ಟರೆ ಗದ್ದಲ ತಗ್ಗುತ್ತದೆ. ಮೊದಲು ಹೇಳಿದ ಪ್ರಯೋಗವನ್ನು ತಣ್ಣಗಿರುವ ಕ್ಯಾಮರಾದಲ್ಲಿ ಒಮ್ಮೆ, ಕಾದ ಕ್ಯಾಮರಾದಲ್ಲಿ ಮತ್ತೊಮ್ಮೆ ಮಾಡಿ, ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿರಿ. ಎರಡರಲ್ಲಿಯೂ ಒಂದೇ ಸ್ಥಾನದಲ್ಲಿ ಮಿನುಗುವ ಬಿಂದುಗಳನ್ನು ಗುರುತು ಹಾಕಿಕೊಳ್ಳಿರಿ. ಮುಂದೆ ಆಕಾಶವನ್ನು ಚಿತ್ರಿಸಿದಾಗ, ಅವು ನಕ್ಷತ್ರಗಳೆಂದು ನೀವು ಮೋಸಹೋಗಲಾರಿರಿ.